ಏಳು ಹತ್ತರ ವಿಮಾನ

ನೋಡೋಣಣ್ಣನ ಕಟಿಂಗ್ ಶಾಪಿಗೂ ಟೈಲರಮ್ಮನ ಹೊಲಿಗೆ ಅಂಗಡಿಗೂ ನಡುವೆ ಎಷ್ಟು ದೂರ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಿದ್ದರು. ಎರಡೂ ಅಂಗಡಿಗಳು ಇದ್ದದ್ದು ವಿಮಾನ ನಿಲ್ದಾಣದಲ್ಲೇ. ಆದರೆ ಒಂದು ಈ ಊರಿನ ನಿಲ್ದಾಣ, ಇನ್ನೊಂದು ಆ ಊರಿನದು. ವಿಮಾನ ಓಡಿಸುವ ಕ್ಯಾಪ್ಟನ್ ಸಾಹೇಬರ ಲೆಕ್ಕದಲ್ಲಿ ಐನೂರ ಎಪ್ಪತ್ತು ಕಿಲೋಮೀಟರು, ನೆಲ ಬಿಟ್ಟು ನೆಲ ಮುಟ್ಟಲು ಐವತ್ತೈದು ನಿಮಿಷ. ಟಿಕೆಟ್ಟಿನ ಲೆಕ್ಕದಲ್ಲಿ ಒಂದೂಕಾಲು ಗಂಟೆ, ಏಕೆಂದರೆ ಹಾರುವ ಮೊದಲು ವಿಮಾನ ರನ್‌ವೇಯ ತುದಿಯಲ್ಲಿ ನಿಂತು ಯೋಚನೆ ಮಾಡುವ ಹೊತ್ತೂ ಅದರಲ್ಲಿ ಸೇರಿದೆ. ಗಗನಸಖಿ ಹೇಳುತ್ತಿದ್ದಳು, "ನೀರು ಕೊಟ್ಟು, ಟೀ ಕೊಟ್ಟು, ಖಾಲಿ ಲೋಟ ಎತ್ತೋಷ್ಟರಲ್ಲಿ ಊರು ಬಂದಿರುತ್ತೆ." ನೋಡೋಣಣ್ಣನನ್ನೇ ಕೇಳಿದರೆ, "ಎರಡು ಕಟಿಂಗು, ಒಂದು ಶೇವಿಂಗು. ಗಿರಾಕಿ ಬೊಕ್ಕತಲೆಯವನಾದ್ರೆ ಇನ್ನೂ ಹತ್ತಿರ" ಎನ್ನುತ್ತಿದ್ದ.

ಅವನ ಅಕ್ಕ ಮಾತ್ರ, "ನಿನಗೆ ಅದು ಇಪ್ಪತ್ತು ವರ್ಷದ ದಾರಿ ಕಣೋ" ಎನ್ನುತ್ತಿದ್ದಳು. ಅಕ್ಕನ ಲೆಕ್ಕವೇ ಸರಿ ಎಂದು ನಾನೂ ಬಹಳ ದಿನ ನಂಬಿದ್ದೆ.

ಅವನ ನಿಜವಾದ ಹೆಸರು ಕೊರಳಲ್ಲಿ ತೂಗುವ ಪಾಸಿನಲ್ಲಿತ್ತು, ಓದಿದವರು ಯಾರೂ ಇರಲಿಲ್ಲ. ಕುರ್ಚಿಯ ರೆಕ್ಸಿನ್ ಹರಿದಿದೆ, ಬದಲಾಯಿಸು ಎಂದರೆ "ನೋಡೋಣ." ಬಲಗಡೆಯ ಟ್ಯೂಬ್‌ಲೈಟು ಮಿಣಮಿಣ ಎನ್ನುತ್ತಿದೆ ಎಂದರೆ "ನೋಡೋಣ." ನಿನಗೊಂದು ಹೆಣ್ಣು ನೋಡಿದ್ದೇವೆ ಎಂದರೂ "ನೋಡೋಣ." ಹೀಗೆ ನೋಡೋಣ ನೋಡೋಣ ಎನ್ನುತ್ತಲೇ ನೋಡಿದ ಹೆಣ್ಣುಗಳೆಲ್ಲ ಬೇರೆಯವರ ಮಕ್ಕಳಿಗೆ ತಾಯಿಯಾದರು, ಇವನ ಕಿವಿಯ ಪಕ್ಕದ ಕೂದಲು ಬೆಳ್ಳಗಾಯಿತು. ನಿಲ್ದಾಣದಲ್ಲಿ ಟ್ರಾಲಿ ತಳ್ಳುವವರು ಆ ಮಾತಿಗೊಂದು 'ಅಣ್ಣ' ಸೇರಿಸಿ ಕರೆದರು, ಅದೇ ನಿಂತುಬಿಟ್ಟಿತು.

ಹಾಗಂತ ಸೋಮಾರಿ ಅನ್ನಬೇಡಿ, ನನಗೆ ಸಿಟ್ಟು ಬರುತ್ತದೆ. ಕತ್ತರಿ ಕೈಗೆ ಬಂದರೆ ಅವನಷ್ಟು ಚುರುಕಿನವನಿಲ್ಲ. ಅವನ ಕನ್ನಡಿಯಲ್ಲಿ ಗಿರಾಕಿಯ ಮುಖದ ಹಿಂದೆ ವಿಮಾನಗಳ ಹೊತ್ತು ತೋರಿಸುವ ದೊಡ್ಡ ಬೋರ್ಡು ಕಾಣುತ್ತಿತ್ತು, ತಿರುವುಮುರುವಾಗಿ. ಅದನ್ನು ಹಾಗೆಯೇ ಓದುವುದು ಅವನಿಗೆ ಎಷ್ಟು ರೂಢಿಯಾಗಿತ್ತೆಂದರೆ, ಹೊರಗೆ ಬಂದು ನೇರವಾಗಿ ನೋಡಿದರೆ ತಡವರಿಸುತ್ತಿದ್ದ. "ನಿಮ್ಮ ವಿಮಾನಕ್ಕೆ ಇನ್ನೂ ಹೊತ್ತಿದೆ, ಮೀಸೆ ಸರಿ ಮಾಡ್ಲಾ?" ಎಂದು ಅವನು ಕೇಳಿದರೆ ಗಿರಾಕಿ ಧೈರ್ಯವಾಗಿ ಹೂಂ ಅನ್ನಬಹುದಿತ್ತು. ಅರ್ಧ ಗಡ್ಡದಲ್ಲಿ ಯಾರನ್ನೂ ಅವನು ಹಾರಲು ಕಳಿಸಿದವನಲ್ಲ. ತಾನು ಮಾತ್ರ ಒಂದು ದಿನವೂ ಹಾರಿರಲಿಲ್ಲ. ಬೆಳಗಾದರೆ ಮನೆಯಿಂದ ನಿಲ್ದಾಣಕ್ಕೆ ಬಸ್ಸಿನಲ್ಲಿ ಒಂದೂವರೆ ಗಂಟೆ ನೇತಾಡಿ ಬರುವುದು, ಸಂಜೆ ಹಾಗೆಯೇ ನೇತಾಡಿ ಹೋಗುವುದು. ಅಂದರೆ ಅವನ ಅಂಗಡಿಗೆ ಅವನ ಮನೆಗಿಂತ ಟೈಲರಮ್ಮನ ಊರೇ ಹತ್ತಿರ. ಈ ವಿಷಯ ಅವನಿಗೆ ಹೊಳೆದ ದಿನ ಯಾರದೋ ಕಿವಿಯ ಮುಂದಿನ ಕೃದಾ ಒಂದು ಬದಿ ಸ್ವಲ್ಪ ಗಿಡ್ಡವಾಗಿತ್ತಂತೆ.

ಶುರುವಾದದ್ದು ಹೀಗೆ. ಎರಡು ವರ್ಷದ ಹಿಂದೆ, ಗಿರಾಕಿಯ ಕೊರಳಿಗೆ ಕಟ್ಟುವ ಬಿಳಿ ಬಟ್ಟೆಯನ್ನು ಇವನು ಕೂದಲಿನ ಜೊತೆ ಕಚಕ್ಕೆಂದು ಕತ್ತರಿಸಿಬಿಟ್ಟ. ಮುಂಗುರುಳು ಸರಿಮಾಡಿಸಿಕೊಳ್ಳಲು ಬಂದಿದ್ದ ಗಗನಸಖಿ, "ಕೊಡಿ ಅಣ್ಣ, ಆ ಊರಿನ ನಿಲ್ದಾಣದಲ್ಲಿ ನಮ್ಮ ಯೂನಿಫಾರ್ಮ್ ಹೊಲಿಯೋ ಟೈಲರಮ್ಮ ಇದಾರೆ, ಸರಿ ಮಾಡಿಸ್ಕೊಂಡು ಬರ್ತೀನಿ" ಎಂದು ಒಯ್ದಳು. ಮಾರನೆಯ ದಿನ ಬಟ್ಟೆ ಬಂತು. ಹರಿದದ್ದೆಲ್ಲಿ ಎಂದು ಹುಡುಕಿದರೂ ಸಿಗಲಿಲ್ಲ. ಜೊತೆಗೆ ಒಂದು ಮಾತೂ ಬಂತು: "ಕತ್ತರಿ ಇರೋದು ಕೂದಲಿಗೆ, ಬಟ್ಟೆಗಲ್ಲ ಅಂತ ನಿಮ್ಮ ಅಣ್ಣನಿಗೆ ಹೇಳಮ್ಮ."

ನೋಡೋಣಣ್ಣ ಆ ದಿನವೆಲ್ಲ ಒಬ್ಬನೇ ನಕ್ಕ. ಸಂಜೆ ಅವನೂ ಒಂದು ಮಾತು ಕಳಿಸಿದ: "ಹೊಲಿಗೆ ಚೆನ್ನಾಗಿದೆ. ಉಳಿದ ದಾರದಲ್ಲಿ ಬಾಯಿಗೂ ಎರಡು ಹಾಕ್ಕೊಳ್ಳೋಕೆ ಹೇಳಮ್ಮ."

ಹೇಳಿದ ಮೇಲೆ ಅಯ್ಯೋ, ಅತಿಯಾಯಿತೇನೋ ಎಂದು ರಾತ್ರಿಯೆಲ್ಲ ಮಗ್ಗುಲು ಬದಲಾಯಿಸಿದ. ಬೆಳಗ್ಗೆ ಬಂದ ಉತ್ತರ: "ದಾರ ಮುಗಿದಿದೆ, ಅವರೇ ತಂದುಕೊಡಲಿ." ಅಲ್ಲಿಂದ ನಿಲ್ಲಲಿಲ್ಲ ನೋಡಿ. ಅವಳ ಕತ್ತರಿ ಮೊಂಡಾಯಿತು ಎಂಬ ಸುದ್ದಿ ಬಂದರೆ ಇವನು ಕತ್ತರಿ ಕಳಿಸುವ ಹಾಗಿಲ್ಲ, ವಿಮಾನದ ಒಳಗೆ ಬಿಡುವುದಿಲ್ಲ. "ಉಪ್ಪುಕಾಗದವನ್ನ ಮಡಿಸಿ ನಾಲ್ಕು ಸಲ ಕತ್ತರಿಸಿ, ಹರಿತ ಆಗುತ್ತೆ" ಎಂಬ ಉಪಾಯ ಕಳಿಸಿದ. ಉಪಾಯಕ್ಕೆ ತಪಾಸಣೆ ಇಲ್ಲವಲ್ಲ! ಹಳೆಯ ಕಾವ್ಯಗಳಲ್ಲಿ ನಾಯಕ ನಾಯಕಿಯರ ಮಾತು ಒಯ್ಯಲು ಒಬ್ಬ ಸಖಿ ಇರುತ್ತಿದ್ದಳು. ಇವರಿಗೆ ಸಿಕ್ಕವಳು ಹೆಸರಿನಲ್ಲೇ ಸಖಿ, ಅದೂ ಗಗನದವಳು.

ಫೋನಿರಲಿಲ್ಲವೇ ಎನ್ನುತ್ತೀರಿ. ಇತ್ತು, ಇಬ್ಬರ ಹತ್ತಿರವೂ ಇತ್ತು. "ನಂಬರ್ ಕೊಡ್ತೀನಿ ತಗೊಳ್ಳಿ ಅಣ್ಣ" ಎಂದು ಗಗನಸಖಿ ಎಷ್ಟು ಸಲ ಹೇಳಿದಳೋ. "ಛೆ ಛೆ, ಅವರು ಏನು ತಿಳ್ಕೋತಾರೆ" ಎಂದು ಇವನು. ಅತ್ತ ಟೈಲರಮ್ಮನೂ, "ಅವರಾಗಿ ಕೇಳ್ಲಿ" ಎಂದು. ಇಡೀ ದಿನ ಗಿರಾಕಿಗಳ ಕಿವಿ ತೂತಾಗುವಂತೆ ಮಾತಾಡುವ ಮನುಷ್ಯ ಹತ್ತು ಅಂಕಿ ಕೇಳಲು ನಾಚಿ ಸತ್ತ. ಆಗ ಇಬ್ಬರೂ ಒಬ್ಬರನ್ನೊಬ್ಬರು 'ಅವರು', 'ಇವರು' ಎಂದೇ ಹೇಳುತ್ತಿದ್ದದ್ದು. ಹೊತ್ತಿಗೆ ಊಟ ಮಾಡಿ, ಶೀತಕ್ಕೆ ಕಷಾಯ ಕುಡೀರಿ, ಹುಷಾರಾಗಿರಿ. ಮರ್ಯಾದೆಗೆ ಏನೂ ಕೊರತೆ ಇರಲಿಲ್ಲ.

ಒಂದು ದಿನ ಕ್ಯಾಪ್ಟನ್ ಸಾಹೇಬರು ಶೇವಿಂಗಿಗೆ ಕೂತು ಒಂದು ರಹಸ್ಯ ಬಿಚ್ಚಿದರು. "ಅಲ್ಲಿಂದ ಇಲ್ಲಿಗೆ ಬರೋವಾಗ ಗಾಳಿ ಬೆನ್ನು ತಳ್ಳುತ್ತೆ. ಇಲ್ಲಿಂದ ಅಲ್ಲಿಗೆ ಎದುರುಗಾಳಿ. ದೂರ ಅಷ್ಟೇ, ಹೊತ್ತು ಮಾತ್ರ ಜಾಸ್ತಿ."

"ಗಾಳಿ ಅಲ್ಲ ಸಾರ್," ಎಂದಳು ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಗಗನಸಖಿ, "ಅಲ್ಲಿಂದ ಬರೋ ಮಾತು ಹಗುರ. ಇಲ್ಲಿಂದ ಹೋಗೋದು ಬರೀ 'ನೋಡೋಣ', ಅದರ ಭಾರಕ್ಕೇ ವಿಮಾನ ನಿಧಾನ."

ನೋಡೋಣಣ್ಣ ನಕ್ಕು ರೇಜರು ಒರೆಸಿದ. ಆದರೆ ಮುಂದಿನ ಗುರುವಾರ ಅವಳು ಬಂದಾಗ ಮುಖದಲ್ಲಿ ನಗು ಇರಲಿಲ್ಲ. "ಅಣ್ಣ, ತಮಾಷೆ ಅಲ್ಲ, ಸರಿಯಾಗಿ ಕೇಳಿ. ಟೈಲರಮ್ಮನಿಗೆ ಒಬ್ಬ ಅಣ್ಣ ಇದಾರಲ್ಲ, ಬೆಟ್ಟದ ಆಚೆ ಊರಲ್ಲಿ. ಒಬ್ಬಳೇ ಯಾಕಿರ್ತೀಯ, ನಮ್ಮ ಮನೆಗೆ ಬಾ, ಅಲ್ಲೇ ಅಂಗಡಿ ಹಾಕಿಕೊಡ್ತೀನಿ ಅಂತಿದಾರಂತೆ. ಭಾನುವಾರ ಬೆಳಗ್ಗೆ ವ್ಯಾನ್ ತರ್ತಾರಂತೆ, ಹೊಲಿಗೆ ಮೆಷಿನ್ ತಗೊಂಡು ಹೋಗೋಕೆ. ಅಲ್ಲಿಗೆ ವಿಮಾನ ಇಲ್ಲ, ನಾನೂ ಇರಲ್ಲ. ಅಣ್ಣನಿಗೆ ಏನು ಹೇಳಲಿ ಅಂತ ನಿಮ್ಮನ್ನ ಕೇಳು ಅಂದ್ರು."

ರೇಜರು ಗಾಳಿಯಲ್ಲೇ ನಿಂತಿತು. ಹೋಗಬೇಡಿ ಅನ್ನಬೇಕು ಎಂದು ಅವನಿಗೆ ಗೊತ್ತಿತ್ತು. ಆ ಮಾತು ಎದೆಯಿಂದ ಹೊರಟು ಗಂಟಲಿಗೆ ಬಂತು, ನಾಲಿಗೆಯ ತುದಿಗೂ ಬಂತು. ಅಲ್ಲಿ ಹಾಳಾದ ಅಭ್ಯಾಸ ಕಾಲು ಚಾಚಿ ಮಲಗಿತ್ತಲ್ಲ!

"ನೋಡೋಣ ಅಂತ ಹೇಳಮ್ಮ," ಎಂದ.

ಗಗನಸಖಿ ಹಣೆ ಹಣೆ ಚಚ್ಚಿಕೊಂಡು ಹೋದಳು. ನಾನಾಗಿದ್ದರೆ ಅವನ ಹಣೆಯನ್ನೇ ಚಚ್ಚುತ್ತಿದ್ದೆ. ಮನೆಯಲ್ಲಿ ಅಕ್ಕ ವಿಷಯ ತಿಳಿದು ಕೈಯಲ್ಲಿದ್ದ ಸೌಟನ್ನು ಕೆಳಗಿಡಲೇ ಇಲ್ಲ. "ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರೆ. ನಿನಗೆ ಎರಡೂ ಆಗಲ್ಲ ಬಿಡು. ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರು ಅಲೆಯೋರನ್ನ ನೋಡಿದೀನಿ. ನೀನು ಅಲೆಯೋದೂ ಇಲ್ಲವಲ್ಲೋ, ಬೆಣ್ಣೆ ಕರಗೋದನ್ನ ನೋಡ್ತಾ ಕೂತಿದೀಯ!"

ನಿಜವಾಗಿ ಅವನಿಗೆ ಅಳು ಬಂದಿತ್ತು. ಎರಡು ವರ್ಷದಿಂದ ಅವನ ದಿನ ಶುರುವಾಗುತ್ತಿದ್ದದ್ದು ಆ ಊರಿನ ಮೊದಲ ವಿಮಾನ ಇಳಿದ ಮೇಲೆ. ಅದರಲ್ಲಿ ಅವಳ ಮಾತಿಲ್ಲದಿದ್ದರೆ ಅದು ಯಾಕೆ ಇಳಿಯಬೇಕು ಎಂದು ಅವನಿಗೆ ಅನ್ನಿಸಿತು.

ಶುಕ್ರವಾರ ಏನೂ ಬರಲಿಲ್ಲ. ಗಗನಸಖಿ ಎರಡು ದಿನ ರಜೆ ಹಾಕಿದ್ದಳು. ಶನಿವಾರ ಬೆಳಗ್ಗೆ ಎಂಟರ ಸುಮಾರಿಗೆ ಕ್ಯಾಪ್ಟನ್ ಸಾಹೇಬರು ಬಂದು ಕುರ್ಚಿಯಲ್ಲಿ ಒರಗಿದರು. ಇವನು ಮುಖದ ತುಂಬ ನೊರೆ ಹಚ್ಚಿದ ಮೇಲೆ, ತುಟಿ ಮಾತ್ರ ಅಲ್ಲಾಡಿಸಿ, "ಟೈಲರಮ್ಮ ನಿಮಗೊಂದು ಮಾತು ಹೇಳಿದಾರೆ" ಎಂದರು.

"ಏನಂತೆ ಸಾರ್?"

"ಏಳು. ಹತ್ತು."

"ಅಂದ್ರೆ?"

"ಅಷ್ಟೇ. ನನ್ನ ಕೋಟಿಗೆ ಗುಂಡಿ ಹಾಕ್ತಿದ್ರು. ದಾರ ಹಲ್ಲಲ್ಲಿ ಕಡಿದು, ಏಳು, ಹತ್ತು, ಇಷ್ಟು ಹೇಳಿ ಸಾಕು ಅಂದ್ರು. ಸ್ವಲ್ಪ ಜೋರಾಗೇ ಅಂದ್ರು."

ಕ್ಯಾಪ್ಟನ್ ಸಾಹೇಬರು ಒಳ್ಳೆಯವರೇ. ಆದರೆ ಬೆಳಗಿನಿಂದ ಸಂಜೆಯವರೆಗೆ ಎತ್ತರ ಎಷ್ಟು, ವೇಗ ಎಷ್ಟು, ಗಾಳಿ ಎಷ್ಟು, ಎಣ್ಣೆ ಎಷ್ಟು ಎಂದು ಅಂಕಿಗಳಲ್ಲೇ ಮಾತಾಡುವ ಮನುಷ್ಯ. ಅವರ ಬಾಯಲ್ಲಿ ಎಲ್ಲ ಮಾತೂ ಒಂದೇ ಸಮ, ಇಸ್ತ್ರಿ ಹಾಕಿದ ಹಾಗೆ.

ನೋಡೋಣಣ್ಣ ಕಣ್ಣೆತ್ತಿ ಕನ್ನಡಿ ನೋಡಿದ. ಬೋರ್ಡಿನಲ್ಲಿ ತಿರುವುಮುರುವಾಗಿ ಹೊಳೆಯುತ್ತಿತ್ತು: ಆ ಊರಿನಿಂದ ಬರುವ ಮೊದಲ ವಿಮಾನ, ಏಳು ಹತ್ತು. ಇವತ್ತಿನದು ಬಂದಾಗಿದೆ. ಅಂದರೆ ನಾಳೆಯದು! ಅಣ್ಣನ ವ್ಯಾನು ಬರುವ ಮೊದಲೇ ಅವಳು ಇಲ್ಲಿಗೆ ಹೊರಟುಬಿಡುತ್ತಾಳೆ! ಅವನಿಗೆ ಆದ ಸಂತೋಷಕ್ಕೆ ಕ್ಯಾಪ್ಟನ್ನರ ಮೂಗಿನ ಮೇಲೂ ನೊರೆ ಬಿತ್ತು.

ಅಕ್ಕ ಅಷ್ಟು ಸುಲಭಕ್ಕೆ ನಂಬುವವಳಲ್ಲ. "ಏಳು ಹತ್ತು ಅಂದ್ರೆ ಏಳು ಹತ್ತರ ವಿಮಾನಾನೇ ಅಂತ ಹೇಗೆ ಹೇಳ್ತೀಯ?"

"ಇನ್ನೇನಕ್ಕಾ? ಏಳು ಹತ್ತಲೆ ಎಪ್ಪತ್ತಾ?"

"ಎಪ್ಪತ್ತು ನಿನ್ನ ಮದುವೆ ವಯಸ್ಸು," ಎಂದಳು ಅಕ್ಕ. ಎಂದವಳೇ ಪರದೆಗಳನ್ನೆಲ್ಲ ಕಿತ್ತು ಒಗೆಯಲು ಹಾಕಿದಳು, ಮಂಚದ ಕೆಳಗಿನ ಕಸವನ್ನೂ ಬಿಡಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜಾತಿ ಅವಳದು. ಇವನು ಹೊಸ ಅಂಗಿ ತಂದ. ಆಮೇಲೆ ತನ್ನ ತಲೆ ತಾನೇ ಕತ್ತರಿಸಿಕೊಳ್ಳಲು ಹಿಂದೊಂದು ಮುಂದೊಂದು ಕನ್ನಡಿ ಇಟ್ಟುಕೊಂಡು ಕೂತ. ಬೇರೆಯವರ ತಲೆಯಾದರೆ ಕಣ್ಣು ಮುಚ್ಚಿ ಮಾಡುತ್ತಾನೆ, ಇದು ತನ್ನದು. ಎಡಗಿವಿಯ ಹಿಂದೆ ಒಂದು ಕಚ್ಚು ಬಿತ್ತು. ಅದನ್ನು ಸರಿ ಮಾಡಲು ಹೋಗಿ ಇನ್ನೊಂದು ಬಿತ್ತು. ಅಕ್ಕ ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು.

ಭಾನುವಾರ ಮೊದಲ ಬಸ್ಸಿಗೇ ಬಂದು, ಹೊರಬರುವ ಬಾಗಿಲಿನ ಕಟಕಟೆಗೆ ಅಂಟಿಕೊಂಡು ನಿಂತ. ಅಕ್ಕಪಕ್ಕದಲ್ಲಿ ಟ್ಯಾಕ್ಸಿಯವರು ಹೆಸರು ಬರೆದ ರಟ್ಟು ಹಿಡಿದಿದ್ದರು. ಇವನ ಕೈಯಲ್ಲಿ ಏನೂ ಇಲ್ಲ. ಅವಳ ಮುಖ ಇವನು ನೋಡಿದವನಲ್ಲ, ಇವನ ಮುಖ ಅವಳು ನೋಡಿದವಳಲ್ಲ. ಗುರುತು ಹೇಗೆ ಸಿಗುತ್ತದೆ ಎಂಬ ಯೋಚನೆ ಅವನಿಗೆ ಬಂದದ್ದೇ ಆಗ. ವಿಮಾನ ಸರಿಯಾದ ಹೊತ್ತಿಗೆ ಇಳಿಯಿತು. ಜನ ಬಂದರು. ಒಂಟಿಯಾಗಿ ಬಂದ ಹೆಂಗಸರನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಒಬ್ಬಾಕೆಯಿಂದ "ಏನ್ರೀ?" ಎಂದು ಬೈಸಿಕೊಂಡ. ಕೊನೆಯ ಮಗುವಿನ ಕೊನೆಯ ಚೀಲವೂ ಹೊರಗೆ ಬಂತು. ಬಾಗಿಲು ಮುಚ್ಚಿಕೊಂಡಿತು. ಅವನು ಅಲ್ಲೇ ನಿಂತಿದ್ದ.

ಮತ್ತೆ ಬಾಗಿಲು ತೆರೆದಾಗ ಬಂದವರು ಇಬ್ಬರು: ಚಹಾಕ್ಕೆಂದು ಹೊರಟ ಕ್ಯಾಪ್ಟನ್ನರು, ರಜೆ ಮುಗಿಸಿದ ಗಗನಸಖಿ.

"ಅಣ್ಣ! ಇಲ್ಲೇನು ಮಾಡ್ತಿದೀರಿ?"

"ಟೈಲರಮ್ಮ ಬರ್ಲಿಲ್ವಾ?"

"ಅವರ್ಯಾಕೆ ಬರ್ತಾರೆ? ನೀವು ಹೋಗ್ಬೇಕಿತ್ತು! ನಿನ್ನೆ ಇಡೀ ದಿನ ಕಾದರಂತೆ. ಬೆಳಗ್ಗೆ ನೋಡಿದೆ, ಕಣ್ಣು ಕೆಂಪಗಿತ್ತು. 'ಏಳು ಅಂದೆ, ಹತ್ತು ಅಂದೆ, ಇನ್ನು ಎಷ್ಟು ಬಿಡಿಸಿ ಹೇಳ್ಲಿ ಆ ಮನುಷ್ಯನಿಗೆ' ಅಂದ್ರು."

"ಏಳು ಹತ್ತಕ್ಕೇ ತಾನೇ ನಾನು ಬಂದು ನಿಂತಿರೋದು!"

ಗಗನಸಖಿ ನಿಧಾನವಾಗಿ ಕ್ಯಾಪ್ಟನ್ನರ ಕಡೆ ತಿರುಗಿದಳು. ಕ್ಯಾಪ್ಟನ್ನರು ಟೋಪಿ ತೆಗೆದು ಒಳಗೆ ನೋಡಿದರು. "ಅದು ಅಂಕಿ ಅಲ್ವಾ?" ಎಂದರು.

"ಅಂಕಿ ಅಲ್ಲ ಸಾರ್! ಏಳು! ಕೂತಲ್ಲಿಂದ ಎದ್ದೇಳು! ಹತ್ತು! ವಿಮಾನ ಹತ್ತು, ಹತ್ತಿ ಬಾ! ನಾನಿದ್ದಿದ್ರೆ ಹೇಳ್ತಿದ್ದೆ, ಎರಡು ದಿನ ರಜೆ ಹಾಕಿದ್ದಕ್ಕೆ ಹೀಗಾ ಮಾಡೋದು?"

ಟ್ಯಾಕ್ಸಿಯವರು ರಟ್ಟು ಕೆಳಗಿಳಿಸಿ ನಗತೊಡಗಿದರು. ನೋಡೋಣಣ್ಣನಿಗೆ ಮಾತ್ರ ನಗು ಕೇಳಿಸಲಿಲ್ಲ. ಅವನು ಆ ಎರಡು ಮಾತನ್ನು ಬಾಯೊಳಗೇ ತಿರುಗಿಸಿ ನೋಡುತ್ತಿದ್ದ. ಏಳು. ಹತ್ತು. ಎರಡು ವರ್ಷದಿಂದ ಅವಳು ಕಳಿಸಿದ್ದೆಲ್ಲ ಮಾಡಿ, ಕುಡೀರಿ, ಹುಷಾರಾಗಿರಿ. ಆ ಲೆಕ್ಕದಲ್ಲಿ 'ಏಳಿ, ಹತ್ತಿ' ಅನ್ನಬೇಕಿತ್ತು. ಅಂದಿದ್ದರೆ ಅದು ಅಂಕಿಯಾಗಲು ಸಾಧ್ಯವೇ ಇರಲಿಲ್ಲ. ಹೆಚ್ಚೆಂದರೆ ಹತ್ತಿಬಟ್ಟೆಯ ವಿಷಯವೇನೋ ಎಂದುಕೊಂಡು ಕ್ಯಾಪ್ಟನ್ನರು ಒಂದು ತಾನು ಬಟ್ಟೆಯನ್ನೇ ತಂದುಕೊಡುತ್ತಿದ್ದರು. ಆದರೆ ಅವಳು ಹಾಗನ್ನಲಿಲ್ಲ. ಏಳು ಅಂದಳು. ತಾಯಿಗೆ, ದೇವರಿಗೆ, ಮನೆಯವರಿಗೆ ಅನ್ನುವ ಹಾಗೆ, ಒಂದೇ ಏಟಿಗೆ ಮರ್ಯಾದೆಯನ್ನೆಲ್ಲ ಕಿತ್ತೆಸೆದು ಅವನನ್ನು ತನ್ನವನು ಮಾಡಿಕೊಂಡಳು. ಎಡವಟ್ಟಾದದ್ದೇ ಅದರಿಂದ. ಅವನ ಕಣ್ಣು ಮಂಜಾಯಿತು.

"ಅಣ್ಣ, ಇದೇ ವಿಮಾನ ವಾಪಸ್ ಹೋಗುತ್ತೆ, ಸೀಟಿದೆ. ಈಗೇನಾದ್ರೂ ನೋಡೋಣ ಅಂದ್ರೆ ಈ ಪೆಟ್ಟಿಗೆ ನಿಮ್ಮ ಕಾಲ ಮೇಲೆ ಹರಿಸ್ತೀನಿ."

ಅವನು ಟಿಕೆಟ್ ಕಿಟಕಿಯ ಕಡೆ ಓಡಿದ. ಹದಿನೆಂಟು ವರ್ಷ ಬೇರೆಯವರು ಓಡುವುದನ್ನು ಕನ್ನಡಿಯಲ್ಲಿ ನೋಡಿದವನು ಆ ದಿನ ತಾನೇ ಓಡಿದ.

ವಿಮಾನದೊಳಗೆ ಬೆಲ್ಟಿನ ಕೊಂಡಿ ಹಾಕಲು ಬರದೆ ಗಂಟು ಹಾಕಲು ನೋಡಿದ್ದು, ಏರುವಾಗ ಪಕ್ಕದವರ ಮೊಣಕೈಯನ್ನು ತನ್ನದೆಂದು ಹಿಡಿದುಕೊಂಡದ್ದು, ಇವನ್ನೆಲ್ಲ ಬಿಡಿ. "ಇನ್ನೆಷ್ಟು ದೂರ?" ಎಂದು ಅವನು ಕೇಳಿದಾಗ ನೆಲ ಬಿಟ್ಟು ಐದು ನಿಮಿಷವೂ ಆಗಿರಲಿಲ್ಲ. ನೀರು ಕೊಡುವಾಗ ಕೇಳಿದ, ಟೀ ಕೊಡುವಾಗ ಕೇಳಿದ, ಖಾಲಿ ಲೋಟ ಕೊಡದೆ ಕೈಯಲ್ಲೇ ಹಿಡಿದುಕೊಂಡು ಕೇಳಿದ. ಎರಡು ಕಟಿಂಗು ಒಂದು ಶೇವಿಂಗು ಎಂದವನು ಯಾವ ಮುಠ್ಠಾಳ! ಇಡೀ ಊರಿನ ತಲೆ ಬೋಳಿಸಿದರೂ ಈ ದಾರಿ ಸವೆಯುವ ಹಾಗೆ ಕಾಣಲಿಲ್ಲ. ಅಷ್ಟರಲ್ಲಿ ಕ್ಯಾಪ್ಟನ್ನರ ದನಿ ಕೇಳಿಸಿತು: "ಇಂದು ಎದುರುಗಾಳಿ ಜೋರಾಗಿದೆ. ಆದರೂ ಹೊತ್ತಿಗೆ ಮುಂಚೆ ತಲುಪಿಸಲು ಪ್ರಯತ್ನಿಸುತ್ತೇನೆ. ತಪ್ಪು ನನ್ನದೇ." ಪ್ರಯಾಣಿಕರು ಮುಖ ಮುಖ ನೋಡಿಕೊಂಡರು.

ಆ ಊರಿನ ನಿಲ್ದಾಣ ಸಣ್ಣದು. ಗಗನಸಖಿ ಹೇಳಿದ್ದಂತೆ ಹೊರಗೆ ಬಂದು ಬಲಕ್ಕೆ ತಿರುಗಿ, ನೀರಿನ ಟ್ಯಾಂಕಿನ ಹಿಂದೆ ಓಡಿದ. ಸಾಲು ಅಂಗಡಿಗಳ ಕೊನೆಯದರ ಮುಂದೆ ವ್ಯಾನು ನಿಂತಿತ್ತು, ಹಿಂಬಾಗಿಲು ತೆರೆದಿತ್ತು. ದಪ್ಪ ಮೀಸೆಯ ಒಬ್ಬರೂ ವ್ಯಾನಿನ ಡ್ರೈವರೂ ಕಬ್ಬಿಣದ ಕಾಲಿನ ಹೊಲಿಗೆ ಮೆಷಿನನ್ನು ಆಚೆಈಚೆ ಹಿಡಿದು ಎತ್ತಿದ್ದರು. ಬಾಗಿಲಲ್ಲಿ ಕೊರಳಿಗೆ ಟೇಪು ಹಾಕಿಕೊಂಡ ಕುಳ್ಳನೆಯ ಹೆಂಗಸು ಕೈಕಟ್ಟಿ ನಿಂತಿದ್ದಳು. ಏದುಸಿರು ಬಿಡುತ್ತ ನಿಂತವನ ಹೊಸ ಅಂಗಿ ನೋಡಿದಳು, ಕಿವಿಯ ಹಿಂದಿನ ಕಚ್ಚು ನೋಡಿದಳು. ಯಾರು ಎಂದು ಕೇಳಲಿಲ್ಲ.

"ಬಂದ್ರಾ," ಎಂದಳು.

ಬಂದೆಯಾ ಅಲ್ಲ, ಬಂದ್ರಾ. ಅವನಿಗೆ ಅದು ಕಪಾಳಕ್ಕೆ ಹೊಡೆದಂತೆ ಕೇಳಿಸಿತು.

"ತಪ್ಪಾಯ್ತು. ಬೆಳಗ್ಗೆ ಏಳು ಹತ್ತಕ್ಕೆ ಅಲ್ಲಿ ನಿಮಗೆ ಕಾಯ್ತಾ ನಿಂತಿದ್ದೆ."

"ಏಳು ಹತ್ತಕ್ಕಾ? ಯಾಕೆ?"

"ಅಂಕಿ ಅನ್ಕೊಂಡೆ."

ಅವಳ ತುಟಿ ಅದುರಿತು. ನಗುವೋ ಅಳುವೋ, ಅವಳಿಗೇ ಗೊತ್ತಿರಲಿಲ್ಲ. ತಡೆದುಕೊಂಡಳು. ಹಿಂದಿನಿಂದ ಮೀಸೆಯವರ ದನಿ ಬಂತು, "ತಾಯಿ, ಮೆಷಿನ್ ಭಾರ ಇದೆ! ವ್ಯಾನಿಗೆ ಹಾಕ್ಲೋ ಬೇಡ್ವೋ, ಬೇಗ ಹೇಳು!"

"ಕೇಳಿಸ್ತಲ್ಲ," ಎಂದಳು ಅವಳು ಇವನಿಗೆ. "ಗುರುವಾರ ಕೇಳಿ ಕಳಿಸಿದ್ದೆ. ಅಣ್ಣನಿಗೆ ಏನು ಹೇಳ್ಲಿ?"

ಮಾತು ಈ ಸಲ ಎಲ್ಲೂ ನಿಲ್ಲಲಿಲ್ಲ.

"ಕೆಳಗಿಡೋಕೆ ಹೇಳು," ಎಂದ. "ನೀನು ಎಲ್ಲಿಗೂ ಹೋಗ್ಬೇಡ."

ಟೈಲರಮ್ಮ ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ತಿರುಗಿ, "ಅಣ್ಣಾ, ಇಳಿಸು" ಎಂದಳು.